ಚಿಕ್ಕಮಗಳೂರಿಗೆ ಹೊಸಬರಾ? ಓಡಾಟಕ್ಕೆ ಇಷ್ಟು ತಿಳಿದಿರಲಿ

ಬ್ಯಾಂಕು, ಶಾಲೆ, ಆಸ್ಪತ್ರೆ, ತೋಟದ ಕೆಲಸ ಅಂತ ಬೇರೆ ಜಿಲ್ಲೆಗಳಿಂದ ಕುಟುಂಬಗಳು ಇಲ್ಲಿಗೆ ಬರುತ್ತಲೇ ಇರುತ್ತವೆ. ಬಂದವರು ನಮ್ಮ ಸಂಘದಲ್ಲಿ ಮನೆ ಬಾಡಿಗೆಯ ವಿಷಯ ಬಿಟ್ಟರೆ ಜಾಸ್ತಿ ಕೇಳುವುದು ಓಡಾಟದ ಬಗ್ಗೆಯೇ. ಪೇಟೆ ಚಿಕ್ಕದು, ಜಿಲ್ಲೆ ದೊಡ್ಡದು. ಒಂದು ಕಡೆ ಕಡೂರಿನ ಬಯಲು, ಇನ್ನೊಂದು ಕಡೆ ಶೃಂಗೇರಿ, ಕಳಸದ ಕಾಡು.

ಇಲ್ಲಿ ಎಷ್ಟು ಕಿಲೋಮೀಟರ್ ಅಂತ ಕೇಳಬೇಡಿ, ಎಷ್ಟು ಹೊತ್ತು ಬೇಕು ಅಂತ ಕೇಳಿ. ಕಡೂರು ಸುಮಾರು 40 ಕಿ.ಮೀ., ಬಯಲಿನ ರಸ್ತೆ, ಗಂಟೆಯೊಳಗೆ ಹೋಗಿಬಿಡಬಹುದು. ಬಾಳೆಹೊನ್ನೂರು ಅದಕ್ಕಿಂತ ಹತ್ತು ಕಿ.ಮೀ. ಜಾಸ್ತಿ ಅಷ್ಟೇ. ಆದರೆ ತಿರುವಿನ ಮೇಲೆ ತಿರುವು. ಮಳೆ, ಮಂಜು ಸೇರಿಕೊಂಡರೆ ಎರಡು ಗಂಟೆಯೇ ಬೇಕಾಗಬಹುದು. ಶೃಂಗೇರಿಗೆ, ಹೊರನಾಡಿಗೆ ಹೋಗಿ ಅದೇ ದಿನ ವಾಪಸ್ ಬರುವವರು ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡಿ.

ಮನೆ ಹಿಡಿಯುವ ಮುಂಚೆಯೂ ಇದನ್ನೇ ನೋಡಿ. ಪೇಟೆಯಿಂದ ಹೊರಗೆ ಬಾಡಿಗೆ ಕಡಿಮೆ, ನಿಜ. ಆದರೆ ಆ ಕಡೆಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ? ಈ ಒಂದು ಪ್ರಶ್ನೆ ಕೇಳದೆ ಮುಂಗಡ ಕೊಡಬೇಡಿ. ಮನೆ ಮಾಲೀಕರನ್ನು ಕೇಳಿದರೆ ಸಾಲದು, ಅವರ ಹತ್ತಿರ ಕಾರು ಇರುತ್ತದೆ. ಪಕ್ಕದ ಅಂಗಡಿಯವರನ್ನು ಕೇಳಿ, ಕಾಲೇಜಿಗೆ ಹೋಗುವ ಮಕ್ಕಳನ್ನು ಕೇಳಿ.

ಬಸ್ಸಿನಲ್ಲಿ ಎರಡು ಥರ: ಕೆಎಸ್ಆರ್‌ಟಿಸಿ ಮತ್ತು ಖಾಸಗಿ. ನಿಲ್ದಾಣವೂ ಬೇರೆ ಬೇರೆ. ಬೆಂಗಳೂರು, ಹಾಸನ, ಮೈಸೂರಿನಂಥ ದೊಡ್ಡ ಊರುಗಳಿಗೆ ಕೆಎಸ್ಆರ್‌ಟಿಸಿ ಅನುಕೂಲ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲೂ ವೇಗದೂತದಲ್ಲೂ ದುಡ್ಡಿಲ್ಲ. ದುಡ್ಡಿಲ್ಲ ಅಂದರೂ ಟಿಕೆಟ್ ಕೇಳಿ ಇಸ್ಕೊಳ್ಳಿ. ರಾಜಹಂಸ, ಐರಾವತ, ಸ್ಲೀಪರ್ ಬಸ್ಸುಗಳಿಗೆ ಇದು ನಡೆಯುವುದಿಲ್ಲ, ಖಾಸಗಿ ಬಸ್ಸಿಗೂ ಇಲ್ಲ. ಮಕ್ಕಳ ಪಾಸಿಗೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಶಾಲೆ ಶುರುವಾದ ಕೂಡಲೇ ಹಾಕಿಬಿಡಿ, ಆಮೇಲೆ ಸಾಲು ಉದ್ದ.

ಮಲೆನಾಡಿನ ಒಳಗೆ ಮಾತ್ರ ಖಾಸಗಿ ಬಸ್ಸನ್ನು ಬಿಟ್ಟು ಬದುಕು ನಡೆಯುವುದಿಲ್ಲ. ಆಲ್ದೂರು, ಬಾಳೆಹೊನ್ನೂರು, ಕೊಪ್ಪ ಅಂತ ಬಾಗಿಲಲ್ಲಿ ನಿಂತು ಕೂಗುವ ಹುಡುಗನಿಗೆ ದಾರಿಯ ಪ್ರತಿ ತೋಟದ ಗೇಟೂ ಗೊತ್ತು, ಯಾವ ಅಜ್ಜಿ ಎಲ್ಲಿ ಇಳಿಯುತ್ತಾರೆ ಅಂತಲೂ ಗೊತ್ತು. ಪೇಟೆಯಿಂದ ಔಷಧಿ ಬೇಕಿದ್ದರೆ ಕಂಡಕ್ಟರ್ ಕೈಯಲ್ಲಿ ಚೀಟಿ ಕೊಟ್ಟು ಕಳಿಸುವವರು ಈಗಲೂ ಇದ್ದಾರೆ. ಸಂಜೆ ಅದೇ ಬಸ್ಸು ಗೇಟಿನ ಹತ್ತಿರ ನಿಂತು ಹಾರ್ನ್ ಹೊಡೆಯುತ್ತದೆ. ಪೊಟ್ಟಣ ಇಸ್ಕೊಂಡು, ಉಳಿದ ಚಿಲ್ಲರೆ ಎಣಿಸಿಕೊಳ್ಳುವುದು ಅಷ್ಟೇ. ಕಂಡಕ್ಟರ್ ಅಣ್ಣನ ಪರಿಚಯ ಮಾಡಿಕೊಳ್ಳಿ, ಕಷ್ಟಕಾಲಕ್ಕೆ ಆಗುವ ಜನ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಹೆಸರನ್ನು ಇಲ್ಲಿ ಯಾರ ಬಾಯಲ್ಲಾದರೂ ಕೇಳುತ್ತೀರಿ. ಅದು 2020ರಲ್ಲಿ ನಿಂತಿತು. ನಮ್ಮ ಪಾಲಿಗೆ ಅದು ದೊಡ್ಡ ನಷ್ಟವೇ.

ತಿರುವಿನ ರಸ್ತೆ ಅಭ್ಯಾಸ ಇಲ್ಲದ ಮಕ್ಕಳಿಗೆ ವಾಂತಿ ಬರುತ್ತದೆ. ಹೊಟ್ಟೆ ತುಂಬ ತಿನ್ನಿಸಿ ಹೊರಡಬೇಡಿ. ಮುಂದಿನ ಸೀಟು ಹಿಡಿಯಿರಿ, ಒಂದು ನಿಂಬೆಹಣ್ಣು, ಎರಡು ಪ್ಲಾಸ್ಟಿಕ್ ಕವರ್ ಕೈಚೀಲದಲ್ಲಿರಲಿ.

ರೈಲು ಚಿಕ್ಕಮಗಳೂರಿಗೆ ಬಂದಿದ್ದು 2013ರಲ್ಲಿ. ಸಖರಾಯಪಟ್ಟಣದ ಮೇಲೆ ಕಡೂರಿಗೆ ಹೋಗುತ್ತದೆ. ಗಾಡಿಗಳು ಕಡಿಮೆ. ಹುಬ್ಬಳ್ಳಿ, ಬೆಳಗಾವಿ ಕಡೆಯವರು ಊರಿಗೆ ಹೋಗಿಬರಲು ಕಡೂರು ಇಲ್ಲವೇ ಬೀರೂರಿನಲ್ಲಿ ರೈಲು ಹತ್ತುವುದೇ ಒಳ್ಳೆಯದು. ಅಲ್ಲಿಂದ ಇಲ್ಲಿಗೆ ಬಸ್ಸು ಸಿಗುತ್ತದೆ. ಆದರೆ ರಾತ್ರಿ ಹೊತ್ತು ಇಳಿಯುವುದಾದರೆ ಯಾರಿಗಾದರೂ ಮೊದಲೇ ಹೇಳಿಡಿ.

ಆಟೋದಲ್ಲಿ ಹತ್ತುವ ಮುಂಚೆಯೇ ಬಾಡಿಗೆ ಮಾತಾಡಿಕೊಳ್ಳಿ.

ಶನಿವಾರ, ಭಾನುವಾರ ಗಿರಿ ಕಡೆ, ಅಂದರೆ ಮುಳ್ಳಯ್ಯನಗಿರಿ, ದತ್ತಪೀಠದ ಬೆಟ್ಟಗಳ ಕಡೆ, ಹೋಗುವ ಆಲೋಚನೆ ಬಿಡಿ. ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರದ ಶಿಖರ, 1930 ಮೀಟರ್. ನೋಡಲೇಬೇಕು. ಆದರೆ ರಜೆಯ ದಿನ ಕೆಳಗಿನ ಕೈಮರ ಚೆಕ್‌ಪೋಸ್ಟಿನಿಂದಲೇ ಕಾರುಗಳ ಸಾಲು ಶುರುವಾಗುತ್ತದೆ, ಮೇಲಿನ ರಸ್ತೆ ಕಿರಿದು. ನಾವು ಇಲ್ಲೇ ಇರುವವರು ಅಲ್ವಾ, ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹೋದರಾಯಿತು. ದತ್ತ ಜಯಂತಿ ಹೊತ್ತಿಗೆ ಗಿರಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ದೀಪಾವಳಿಯಲ್ಲಿ ದೇವೀರಮ್ಮನ ಬೆಟ್ಟ ಹತ್ತುವ ಜನ ಮಲ್ಲೇನಹಳ್ಳಿ ಕಡೆ ತುಂಬಿಕೊಂಡಿರುತ್ತಾರೆ. ಆ ದಿನ ಸ್ವಂತ ಗಾಡಿ ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು ಕಡೆ ಹೊರಡುವವರು ಚಾರ್ಮಾಡಿ ಘಾಟಿ ತೆರೆದಿದೆಯಾ ಅಂತ ವಿಚಾರಿಸದೆ ಹೊರಡಬೇಡಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ, ನೀರುದೋಸೆ ತಿಂದು, ಕೆಳಗಿನಿಂದ ಹತ್ತಿ ಬಂದ ಡ್ರೈವರುಗಳ ಹತ್ತಿರ ಒಂದು ಮಾತು ಕೇಳಿ. ಫೋನಿನ ನಕ್ಷೆಗಿಂತ ಅವರ ಮಾತಿಗೆ ಬೆಲೆ ಕೊಡಿ. ಮಂಜು ಕವಿದಿದ್ದರೆ ಮುಂದಿನ ಗಾಡಿಯನ್ನು ಹಿಂದೆ ಹಾಕುವ ಯೋಚನೆಯೇ ಬೇಡ.

ಮೂಡಿಗೆರೆ, ಆಲ್ದೂರು ಸುತ್ತ ತೋಟಗಳಲ್ಲಿ ಕೆಲಸ ಸಿಕ್ಕಿದವರು ಇದನ್ನು ಎರಡು ಸಲ ಓದಿ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ತೋಟದ ರಸ್ತೆಯಲ್ಲಿ ನಡೆದು ಹೋಗಬೇಡಿ, ಬೈಕೂ ಬೇಡ. ಕಾಫಿ ಗಿಡದ ಮರೆಯಲ್ಲಿ ಆನೆ ನಿಂತಿದ್ದರೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಊರಿನ ವಾಟ್ಸಾಪ್ ಗುಂಪಿಗೆ ಸೇರಿಕೊಳ್ಳಿ. ಆನೆ ಬಂದಿದೆ ಅಂತ ಸುದ್ದಿ ಬಂದ ದಿನ ಮಕ್ಕಳನ್ನು ತೋಟದ ಜೀಪಿನಲ್ಲೇ ಬಸ್ಸಿಗೆ ಬಿಡಿ ಅಂತ ಮೇಸ್ತ್ರಿಗೆ ಕೇಳಿ. ಸಂಕೋಚ ಪಡಬೇಡಿ.

ಕೊನೆಗೆ, 108ಕ್ಕೆ ಫೋನ್ ಮಾಡುವ ಸಂದರ್ಭ ಬಂದರೆ ಬೀದಿ, ಮನೆ ನಂಬರ್ ಹೇಳಿ ಉಪಯೋಗವಿಲ್ಲ. ತೋಟದ ಹೆಸರು, ಯಾವ ಊರಿನ ರಸ್ತೆ, ಯಾವ ಬಸ್ ಸ್ಟಾಪಿನಿಂದ ಒಳಗೆ ತಿರುಗಬೇಕು, ಇಷ್ಟು ಹೇಳಿ. ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಗೆ ಬಂದು ನಿಲ್ಲಿ. ಮನೆಯೊಳಗೆ ಸಿಗ್ನಲ್ ಸಿಗದಿದ್ದರೆ ಎಲ್ಲಿ ನಿಂತರೆ ಸಿಗುತ್ತದೆ ಅಂತ ಬಂದ ವಾರವೇ ನೋಡಿಟ್ಟುಕೊಳ್ಳಿ, ಮನೆಯವರಿಗೆಲ್ಲ ತೋರಿಸಿಡಿ.