ಹಳೆ ಕುರ್ಚಿಗೆ ಹೊಸ ಬಣ್ಣ: ಕಿತ್ತು ಬರದ ಹಾಗೆ ಬಳಿಯುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಕುರ್ಚಿ ತರುತ್ತಾರೆ. ಅದೇ ಸಂಜೆ ಬಣ್ಣ ಬಳಿಯುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಉಗುರಿನಿಂದ ಕೆರೆದು ಸಿಪ್ಪೆ ತೋರಿಸಿ ‘ಪೇಂಟೇ ಸರಿ ಇಲ್ಲ’ ಅನ್ನುತ್ತಾರೆ. ಪಾಪ, ಪೇಂಟಿನದೇನೂ ತಪ್ಪಿಲ್ಲ. ಅದು ಅಂಟಿಕೊಂಡಿದ್ದು ವರ್ಷಗಟ್ಟಲೆ ಕೂತಿದ್ದ ಜಿಡ್ಡಿಗೆ, ಮರಕ್ಕಲ್ಲ. ನನ್ನ ಮೊದಲ ಕುರ್ಚಿಯ ಕಥೆಯೂ ಇದೇ, ಹಾಗಾಗಿ ಬೈಯುವ ಹಕ್ಕು ನನಗಿದೆ.

ಮೊದಲ ಸಲ ಮಾಡುವವರು ಸೀಟು ಬೇರೆಯಾಗಿ ಬಿಚ್ಚಲು ಬರುವ ಮರದ ಕುರ್ಚಿಯನ್ನೇ ಆರಿಸಿಕೊಳ್ಳಿ. ಸೋಫಾಗೆ ಈಗಲೇ ಕೈ ಹಾಕಬೇಡಿ. ಕೊಳ್ಳುವ ಮುಂಚೆ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ. ಗುಂಡುಸೂಜಿ ತಲೆಯಷ್ಟು ತೂತುಗಳಿದ್ದು, ತಟ್ಟಿದರೆ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಒಳಗಿರಬಹುದು, ಅಲ್ಲೇ ಬಿಟ್ಟು ಬನ್ನಿ. ಕಾಲು ಅಲ್ಲಾಡಿದರೆ ಚಿಂತೆಯಿಲ್ಲ. ಜಾಯಿಂಟ್ ಬಿಡಿಸಿ ಹಳೆ ಗೋಂದನ್ನು ಪೂರ್ತಿ ಕೆರೆಯಿರಿ, ಹೊಸ ಗೋಂದು ಹಚ್ಚಿ, ಹಗ್ಗ ಸುತ್ತಿ ಬಿಗಿದು ಒಂದು ರಾತ್ರಿ ಬಿಡಿ. ಮೊಳೆ ಮಾತ್ರ ಹೊಡೆಯಬೇಡಿ, ಮರ ಸೀಳುತ್ತದೆ.

ಅಡಿಯ ಸ್ಕ್ರೂ ಬಿಚ್ಚಿ ಸೀಟು ತೆಗೆದಿಡಿ.

ಈಗ ತೊಳೆಯುವುದು. ಸ್ಯಾಂಡ್ ಪೇಪರ್ ಇನ್ನೂ ಮುಟ್ಟಬೇಡಿ! ಎಲ್ಲರೂ ಎಡವುವುದು ಇಲ್ಲೇ. ಮೊದಲೇ ಉಜ್ಜಿದರೆ ಮೇಲಿದ್ದ ಎಣ್ಣೆ, ಮೇಣ ಎಲ್ಲ ಗೀರುಗಳೊಳಗೆ ಇಳಿದು ಕೂರುತ್ತದೆ, ಆಮೇಲೆ ಎಷ್ಟು ತೊಳೆದರೂ ಬಿಡುವುದು ಕಷ್ಟ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಕುರ್ಚಿಯ ಕೈಗಳ ತುದಿ, ಬೆನ್ನಿನ ಮೇಲ್ಗಡೆ, ಅಂದರೆ ಜನ ಹಿಡಿದು ಎಳೆಯುವ ಜಾಗ, ಇವಕ್ಕೆ ಮೂರ್ನಾಲ್ಕು ಸಲ ಬೇಕಾಗುತ್ತದೆ. ಬಿಳಿ ಬಟ್ಟೆಯನ್ನೇ ಬಳಸಿ. ಮೊದಲ ಸಲ ಅದು ಕಡು ಕಂದು ಆಗುತ್ತದೆ, ನೋಡಿದರೆ ನಿಮಗೇ ಅಸಹ್ಯ ಆಗಬೇಕು. ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವ ತನಕ ಬಿಡಬೇಡಿ. ಕೊನೆಗೆ ಬರೀ ನೀರಿನಲ್ಲಿ ಒರೆಸಿ ಒಂದು ದಿನ ಒಣಗಲು ಬಿಡಿ.

ಆಮೇಲೆ 120 ನಂಬರಿನ ಸ್ಯಾಂಡ್ ಪೇಪರ್, ಅದಾದ ಮೇಲೆ ಅದಕ್ಕಿಂತ ನಯವಾದ 220. ಹಳೆ ಪಾಲಿಶ್ ಪೂರ್ತಿ ಕಿತ್ತು ಮರ ಕಾಣಿಸಬೇಕು ಅಂತ ಭುಜ ನೋಯಿಸಿಕೊಳ್ಳಬೇಡಿ, ಹೊಳಪು ಸತ್ತರೆ ಸಾಕು. ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಅಡ್ಡಕ್ಕೆ ಹಿಡಿದರೆ ಎಲ್ಲಿ ಇನ್ನೂ ಮಿನುಗುತ್ತಿದೆಯೋ ಅದು ನೀವು ಬಿಟ್ಟ ಜಾಗ. ಕುರ್ಚಿ ಬಹಳ ಹಳೆಯದಾಗಿದ್ದು ಮೊದಲೇ ಬಣ್ಣ ಬಳಿದಿದ್ದರೆ ಒಣ ಉಜ್ಜಬೇಡಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಮಕ್ಕಳಿರುವ ಮನೆಯಲ್ಲಂತೂ ಆ ಕುರ್ಚಿ ಬೇಡವೇ ಬೇಡ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಮೇಲೆ ಹಾಳೆ ಅಂಟಿಸಿದ ಪೀಠೋಪಕರಣಕ್ಕೆ 120 ತೋರಿಸಲೂಬೇಡಿ. 220ರಲ್ಲಿ ಮೆಲ್ಲಗೆ ಸವರಿ, ನುಣುಪು ಮೇಲ್ಮೈಗೆ ಅಂಟುವಂಥ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಬಳಿಯುವ ತಳದ ಕೋಟ್, ಹಚ್ಚಿ.

‘ಉಜ್ಜುವುದೂ ಬೇಡ, ಪ್ರೈಮರೂ ಬೇಡ’ ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ಅಲ್ವಾ? ಫೋಟೋ ಫ್ರೇಮಿಗೆ ನಡೆಯುತ್ತದೆ. ದಿನಾ ಕೂತು ಏಳುವ ಕುರ್ಚಿಗೆ ನಾನಂತೂ ಅದನ್ನು ನಂಬುವುದಿಲ್ಲ. ಅನುಮಾನ ಇದ್ದರೆ ಸೀಟಿನಡಿ ಮರೆಯಾಗುವ ಕಡೆ ನಾಣ್ಯದಷ್ಟು ಜಾಗಕ್ಕೆ ಬಳಿದು, ಎರಡು ದಿನ ಬಿಟ್ಟು ಟೇಪ್ ಒತ್ತಿ ಅಂಟಿಸಿ ಸರ್ರನೆ ಎಳೆಯಿರಿ. ಟೇಪಿನ ಜೊತೆ ಬಣ್ಣ ಬಂತಾ? ವಾಪಸ್ ಸೋಪು ನೀರಿಗೆ.

ಪ್ರೈಮರ್ ಒಂದು ಕೋಟ್. ಅದರ ಮೇಲೆ ಹಳದಿಯೋ ಕೆಂಪೋ ಕಲೆ ಮೂಡಿದರೆ ಅದು ಮರದೊಳಗಿನ ಬಣ್ಣ, ಬಿಳಿ ಪೇಂಟ್ ಎಷ್ಟು ಕೋಟ್ ಹೊಡೆದರೂ ನಿಲ್ಲುವುದಿಲ್ಲ. ಅರಗಿನಿಂದ ಮಾಡಿದ, ಶೆಲ್ಯಾಕ್ ಅಂತ ಬರೆದಿರುವ ಪ್ರೈಮರ್ ಅದನ್ನು ತಡೆಯುತ್ತದೆ. ಆಮೇಲೆ ಬಣ್ಣ, ತೆಳುವಾಗಿ ಎರಡು ಕೋಟ್. ಅಗ್ಗದ ಬ್ರಷ್ ಕೊಂಡರೆ ಪೇಂಟಿನಲ್ಲಿ ಸಿಕ್ಕ ಕೂದಲು ಆರಿಸುತ್ತಾ ಕೂರಬೇಕಾಗುತ್ತದೆ.

ಬಣ್ಣ ಒಣಗುವಾಗ ಸೀಟಿಗೆ ಹೊಸ ಬಟ್ಟೆ ಹೊದಿಸುವ ಕೆಲಸ ಹಿಡಿಯಿರಿ. ‘ಹಳೆ ಬಟ್ಟೆ ಮೇಲೇ ಹೊಸದು ಹೊಡೆದುಬಿಡೋಣ’ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಸೀಟು ದಪ್ಪಗಾಗಿ ಚೌಕಟ್ಟಿನೊಳಗೆ ಕೂರುವುದೇ ಇಲ್ಲ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಬಟ್ಟೆ ಹಿಡಿದಿರುವ ಹಳೆ ಸ್ಟೇಪಲ್ ಪಿನ್ ಎತ್ತಿ, ಇಕ್ಕಳದಿಂದ ಕಿತ್ತು, ಬಟ್ಟೆಯನ್ನು ಹರಿಯದೆ ತೆಗೆಯಿರಿ. ಅದೇ ನಿಮ್ಮ ಅಳತೆ. ಫೋಮ್ ಹಿಚುಕಿದಾಗ ಪುಡಿಯಾದರೆ ಹೊಸದು ಹಾಕಿ. ಬಟ್ಟೆ ದಪ್ಪನೆಯದಿರಲಿ, ಟೀ ಶರ್ಟಿನ ಹಾಗೆ ಹಿಗ್ಗುವಂಥದ್ದು ಬೇಡ, ನಾಲ್ಕು ದಿನಕ್ಕೆ ಜೋಲು ಬೀಳುತ್ತದೆ.

ಪಿನ್ ಹೊಡೆಯುವುದನ್ನು ಮೂಲೆಯಿಂದ ಶುರು ಮಾಡಬೇಡಿ. ಮುಂದಿನ ಅಂಚಿನ ನಡುವೆ ಒಂದು, ಎಳೆದು ಹಿಂದಿನ ಅಂಚಿನ ನಡುವೆ ಒಂದು, ಹಾಗೇ ಎಡಕ್ಕೆ, ಬಲಕ್ಕೆ. ತಿರುಗಿಸಿ ನೋಡಿ, ಗೆರೆ ಸೊಟ್ಟಗಿದ್ದರೆ ನಾಲ್ಕೇ ಪಿನ್ ಕೀಳುವುದು ಸುಲಭ. ಅಲ್ಲಿಂದ ಎದುರು ಬದುರಾಗಿ ಹೊಡೆಯುತ್ತಾ ಹೋಗಿ, ಮೂಲೆಗೆ ಎರಡು ಇಂಚು ಇರುವಾಗ ನಿಲ್ಲಿಸಿ. ಮೂಲೆಯ ತುದಿಯನ್ನು ನೇರ ಒಳಕ್ಕೆ ಎಳೆದು ಒಂದು ಪಿನ್. ಉಳಿದ ಬಟ್ಟೆಯನ್ನು ಎರಡೂ ಕಡೆಯಿಂದ ನೆರಿಗೆ ಮಾಡಿ ಅದರ ಮೇಲೆ ಪಿನ್. ಸ್ಕ್ರೂ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಸೀಟು ವಾಪಸ್ ಕೂರಿಸಲು ಮಾತ್ರ ಅವಸರ ಬೇಡ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ನೀರಿನ ಪೇಂಟ್ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ನಾನು ಮಾರನೇ ದಿನವೇ ಸ್ಕ್ರೂ ಬಿಗಿದ ಕುರ್ಚಿಯೊಂದು ಈಗಲೂ ಇದೆ. ಸೀಟು ಎತ್ತಿದರೆ ಚೌಕಟ್ಟಿನ ಉದ್ದಕ್ಕೂ ಬಟ್ಟೆಯ ನೇಯ್ಗೆ ಅಚ್ಚೊತ್ತಿದಂತೆ ಕಾಣುತ್ತದೆ.