ಟ್ರಾನ್ಸಿಶನ್ ಹೊತ್ತಿನಲ್ಲಿ ಮನೆಯವರನ್ನು ಜೊತೆಗೆ ಕರೆದುಕೊಳ್ಳುವುದು ಹೇಗೆ?

ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಮಗಳಾಗಿ ಬೆಳೆದ ನಾನು ಈಗ ಅದೇ ಮನೆಯ ಮಗ. ಈ ಬದಲಾವಣೆಗೇ ಟ್ರಾನ್ಸಿಶನ್ ಅನ್ನುವುದು, ಅದಕ್ಕೆ ನಾಲ್ಕು ವರ್ಷ ಹೋಯಿತು. ಈಗ ಹೊರಟಿರುವವರು ಅಷ್ಟು ಕಾಲ ಒಂಟಿಯಾಗಿ ಒದ್ದಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಬ್ಬರಿಗೆ ಮಾತ್ರ ಹೇಳಿ. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರನ್ನು ಆರಿಸಿ. ನಾನು ಮುಲುಂಡಿನ ಚಿಕ್ಕಮ್ಮನಿಗೆ ಹೇಳಿದೆ. ‘ಊಟ ಸರಿಯಾಗಿ ಮಾಡ್ತಿದ್ದೀಯಾ?’ ಅಂತ ಮಾತ್ರ ಕೇಳಿದರು. ಅಪ್ಪ ಅಮ್ಮನಿಗೆ ಹೇಳಿದ ದಿನ ನನ್ನ ಪಕ್ಕದಲ್ಲೇ ಕೂತಿದ್ದರು. ಮನೆಯಿಂದ ಹೊರಗೆ ಹಾಕಬಹುದು ಅನ್ನುವ ಭಯ ಇದ್ದರೆ, ಮಾತೆತ್ತುವ ಮೊದಲೇ ಕೆಲವು ದಿನ ಉಳಿಯಲು ಒಂದು ಜಾಗ, ಸ್ವಲ್ಪ ದುಡ್ಡು, ಆಧಾರ್, ಮಾರ್ಕ್ಸ್‌ಕಾರ್ಡ್ ಸಿದ್ಧ ಮಾಡಿಕೊಳ್ಳಿ.

ಇನ್ನು ಮಾತಿನ ವಿಷಯ. ಮರಾಠಿಯಲ್ಲಿ ‘ಮೀ ಜಾತೇ’ ಅಂದರೆ ಹೆಣ್ಣು, ‘ಮೀ ಜಾತೋ’ ಅಂದರೆ ಗಂಡು. ಆಫೀಸಿನಲ್ಲಿ ಬಾಯಿ ತೆರೆದರೆ ಗುಟ್ಟು ಹೊರಗೆ. ಕನ್ನಡದಲ್ಲಿ ‘ಹೋಗ್ತೇನೆ’ ಅಂದರೆ ಮುಗಿಯಿತು, ಅಲ್ವಾ? ಮನೆಯಲ್ಲಿ ಕಷ್ಟ ಆಗಿದ್ದು ಉಳಿದವರಿಗೆ. ಇಪ್ಪತ್ತೈದು ವರ್ಷ ‘ಬಂದಳು’ ಅಂದ ಬಾಯಿಗೆ ‘ಬಂದ’ ಬರುವುದಿಲ್ಲ. ಸದ್ಯಕ್ಕೆ ‘ಅವರು ಬಂದರು’ ಅನ್ನಿ ಅಂತ ಕೇಳಿಕೊಂಡೆ. ಹೆತ್ತ ಮಗುವಿಗೆ ಬಹುವಚನವೇ ಅಂತ ಅಪ್ಪನಿಗೆ ಮುಜುಗರ. ಆದರೂ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಯಾರೋ ವಿಚಾರಿಸಿದಾಗ ‘ಅವರು ಅಂಧೇರಿಯಲ್ಲಿ ಕೆಲಸಕ್ಕಿದ್ದಾರೆ’ ಅಂದರು. ನಿಮ್ಮ ಮನೆಯಲ್ಲೂ ಇದನ್ನು ಕೇಳಿ ನೋಡಿ.

ಲೋಕಲ್‌ನಲ್ಲಿ ಲೇಡೀಸ್ ಡಬ್ಬಿ ಬಿಟ್ಟು ಜನರಲ್ ಹತ್ತುವಾಗ ಮೊದಲ ಕೆಲವು ದಿನ ಗೆಳೆಯರ ಜೊತೆ, ಗರ್ದಿ ಇಲ್ಲದ ಹೊತ್ತಿನಲ್ಲಿ ಹೋಗಿ. ದೇಹ ಬದಲಾಗಲು ತೆಗೆದುಕೊಳ್ಳುವ ಹಾರ್ಮೋನನ್ನು ಯಾರದೋ ಮಾತು ಕೇಳಿ ಅಂಗಡಿಯಿಂದ ತರಬೇಡಿ. ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್‌ನಿಂದ ರಕ್ತ ಮಂದವಾಗಬಹುದು, ಡಾಕ್ಟರು ಹೇಳಿದಾಗೆಲ್ಲ ರಕ್ತಪರೀಕ್ಷೆ ಮಾಡಿಸಲೇಬೇಕು.

ಕಾಗದಪತ್ರಕ್ಕೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ 2019ರ ಕಾಯ್ದೆ ಇದೆ. ಕೇಂದ್ರ ಸರ್ಕಾರದ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ, ಗುರುತಿನ ಪ್ರಮಾಣಪತ್ರ ಜಿಲ್ಲಾಧಿಕಾರಿಯಿಂದ ಬಂತು. ಆದರೆ ನಡುವೆ ಒಂದು ಕಚೇರಿಯಲ್ಲಿ ಅದು ತಿಂಗಳುಗಟ್ಟಲೆ ಬಿದ್ದಿತ್ತು. ನಿಯಮಗಳು ಬದಲಾಗುತ್ತಿರುತ್ತವೆ. ನಮ್ಮಂಥವರಿಗಾಗಿ ಮುಂಬೈಯಲ್ಲಿ 1994ರಿಂದ ಇರುವ ಹಮ್‌ಸಫರ್ ಟ್ರಸ್ಟ್ ಅನ್ನುವ ಸಂಸ್ಥೆಯವರನ್ನು ಮೊದಲೇ ಕೇಳಿಕೊಳ್ಳಿ. ರಾತ್ರಿ ಎದೆ ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಕನ್ನಡದಲ್ಲೇ ಮಾತಾಡಬಹುದು.

ಅಮ್ಮನದು ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಎಂಟು ತಿಂಗಳು ಅವಳು ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಳು. ಹಳೆ ಹೆಸರು ಹಿಡಿಯಲು ಮನಸ್ಸಿಲ್ಲ, ಹೊಸದು ಬಾಯಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಚಹಾದ ಸ್ಟೀಲ್ ಲೋಟವನ್ನು ಕಟ್ಟೆಯ ಮೇಲೆ ಟಣ್ ಅಂತ ಇಡುತ್ತಿದ್ದಳು, ನಾನು ಎದ್ದು ಹೋಗುತ್ತಿದ್ದೆ. ನಾನು ಎಷ್ಟು ಬಿಡಿಸಿ ಹೇಳಿದರೂ ಅವಳ ಭಯ ಕರಗಲಿಲ್ಲ. ನಮ್ಮಂಥವರ ಅಪ್ಪ ಅಮ್ಮಂದಿರ ಸ್ವೀಕಾರ್ ಅನ್ನುವ ಗುಂಪಿದೆ. ಅಲ್ಲಿನ ಒಬ್ಬ ತಾಯಿಯ ಜೊತೆ ಅಮ್ಮ ತನ್ನ ಹರಕು ಹಿಂದಿಯಲ್ಲೇ ಒಂದು ತಾಸು ಮಾತಾಡಿದಳು. ಬಾಗಿಲು ಹಾಕಿಕೊಂಡಿದ್ದಳು, ಅಳುವುದು ಕೇಳಿಸುತ್ತಿತ್ತು. ನಿಮ್ಮ ಅಮ್ಮನಿಗೂ ಹೀಗೆ ಇನ್ನೊಬ್ಬ ಅಮ್ಮನನ್ನು ಹುಡುಕಿಕೊಡಿ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಲೋಟದ ಸದ್ದು ಬರಲಿಲ್ಲ. ಅಡುಗೆಮನೆಯಿಂದ ‘ಚಹಾ ಆರ್ತಿದೆ, ಬಾರೋ’ ಅಂದಳು. ಇಂಥ ಮಾತು ಮೊದಲ ಸಲ ಬಂದಾಗ ಅದನ್ನು ಎತ್ತಿ ಆಡಬೇಡಿ. ಸುಮ್ನೆ ಹೋಗಿ ಕೂತು ಚಹಾ ಕುಡಿಯಿರಿ.