ವಾಚಿನ ಮೇಲಿನ ‘ಮೀಟರ್’ ನಂಬುವುದು ಹೇಗೆ?

ಮಗಳ ಮದುವೆಗೆ ಅಳಿಯನಿಗೊಂದು ಸ್ವಿಸ್ ವಾಚು ಕೊಡಬೇಕೆಂದು ದಾವಣಗೆರೆಯ ಗೃಹಸ್ಥರೊಬ್ಬರು ಹೊರಟರೆನ್ನಿ. ನೀರು ತಡೆಯುವ ಶಕ್ತಿಯ ಅಂಕಿಯಾಗಿ ಒಂದರ ಮೇಲೆ 30 ಮೀಟರ್ ಎಂದಿದೆ, ಮತ್ತೊಂದರ ಮೇಲೆ 300 ಮೀಟರ್. ಸಮುದ್ರವೇ ಇಲ್ಲದ ಸೀಮೆಯಲ್ಲಿ ಯಾವುದಕ್ಕೆ ದುಡ್ಡು ಸುರಿಯಬೇಕು?

ಮೊದಲು ಅಂಕಿಯನ್ನು ಓದಲು ಕಲಿಯಿರಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು ಒಂದು ಬಾರ್ ಏರುತ್ತದೆ. 30 ಮೀಟರ್ ಎಂದರೆ ಮೂರು ಬಾರ್ ಒತ್ತಡವನ್ನು ಹೊಸ ವಾಚು ಪರೀಕ್ಷೆಯಲ್ಲಿ ತಾಳಿಕೊಳ್ಳಬೇಕು ಎಂದು, ಅಷ್ಟೇ. ಹಿರಿಯೂರಿನ ವಾಣಿವಿಲಾಸ ಸಾಗರದ ಗರಿಷ್ಠ ಮಟ್ಟ 130 ಅಡಿ, ಅಂದರೆ 40 ಮೀಟರಿಗೆ ತುಸು ಕಡಿಮೆ. 2022ರಲ್ಲಿ 89 ವರ್ಷಗಳ ನಂತರ ಅದು ಕೋಡಿ ಬಿದ್ದಾಗಲೂ ತಳದಲ್ಲಿ ನೀರಿನ ಒತ್ತಡ ನಾಲ್ಕು ಬಾರ್ ಆಸುಪಾಸಿನಲ್ಲಿತ್ತು. 300 ಮೀಟರಿನ ವಾಚಿಗೆ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ಕೆಲಸವಿಲ್ಲ. ಅಂದಕ್ಕೆ ಬೇಕಿದ್ದರೆ ಕೊಳ್ಳಿ, ಬೇಡವೆನ್ನುವವರು ಯಾರು!

ಹಾಗಾದರೆ 30 ಮೀಟರಿನ ವಾಚು ಕಟ್ಟಿಕೊಂಡು ಭದ್ರಾ ಕಾಲುವೆಗೆ ಇಳಿಯಬಹುದೇ? ಬೇಡ. ಆದರೆ ಇದಕ್ಕೆ ಅಂಗಡಿಗಳಲ್ಲಿ ಕೊಡುವ ಕಾರಣ ಸರಿಯಿಲ್ಲ. ಕೈ ಬೀಸಿದರೆ ಒತ್ತಡ ಹತ್ತಾರು ಪಟ್ಟು ಏರುತ್ತದೆ ಎನ್ನುತ್ತಾರೆ. ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಕೈ ಬೀಸಿದರೂ ಹೆಚ್ಚುವುದು ಅರ್ಧ ಮೀಟರ್ ಆಳಕ್ಕೆ ಸಮನಾದ ಒತ್ತಡ ಮಾತ್ರ. ನಿಜವಾದ ಕಳ್ಳ ಒಳಗಿನ ರಬ್ಬರ್ ಗ್ಯಾಸ್ಕೆಟ್. ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಅದೂ ವರ್ಷ ಕಳೆದಂತೆ ಗಡುಸಾಗಿ ಹಿಡಿತ ಬಿಡುತ್ತದೆ. ಡಯಲಿನ ಮೇಲಿನ ಅಂಕಿ ಮಾತ್ರ ಹಾಗೇ ಹೊಳೆಯುತ್ತಿರುತ್ತದೆ.

ಎರಡನೆಯದಾಗಿ, ಕ್ರೌನ್ ನೋಡಿ. ಸಮಯ ಹೊಂದಿಸುವ ಪಕ್ಕದ ಗುಂಡಿ. ಅದು ಸುಮ್ಮನೆ ಒತ್ತಿ ಕೂರುವಂಥದೋ, ತಿರುಚಿ ಬಿಗಿಯುವಂಥದೋ? ಎರಡನೆಯದೇ ಭದ್ರ. ರೋಲೆಕ್ಸ್ 1926ರಲ್ಲಿ ‘ಆಯ್‌ಸ್ಟರ್’ ವಾಚಿಗೆ ಇಂಥದ್ದನ್ನೇ ಕೂರಿಸಿತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬಾಕೆ ಆ ವಾಚನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದರು. ಚಳಿ ತಾಳದೆ ಆ ಈಜು ಅರ್ಧಕ್ಕೇ ನಿಂತಿತು, ವಾಚು ನಿಲ್ಲಲಿಲ್ಲ. ಕಂಪನಿ ಅದನ್ನೇ ಜಾಹೀರಾತು ಮಾಡಿಕೊಂಡಿತು. ಆದರೆ ಎಂಥ ಕ್ರೌನ್ ಆದರೂ ತಿರುಚಿ ಬಿಗಿಯದೆ ಬಿಟ್ಟರೆ ಪ್ರಯೋಜನವಿಲ್ಲ. ದಿನಾಂಕ ಬದಲಿಸಿ ಹಾಗೇ ಬಿಟ್ಟ ಕ್ರೌನಿನಿಂದ ನೀರು ಕುಡಿದ ವಾಚುಗಳು ರಿಪೇರಿ ಮೇಜಿಗೆ ಬರುತ್ತಲೇ ಇರುತ್ತವೆ.

ಇನ್ನು ಆಯ್ಕೆ. ಕೈ ತೊಳೆಯುವುದು, ಮಳೆ ಇಷ್ಟೇ ಆದರೆ 30 ಮೀಟರ್ ಸಾಕು. ಕಾರ್ಟಿಯೇ ಟ್ಯಾಂಕಿನಂಥ ತೆಳು ವಾಚುಗಳಿಗೆ ಇರುವುದೂ ಅಷ್ಟೇ. ಅವುಗಳ ಚರ್ಮದ ಪಟ್ಟಿಗೆ ನೀರೇ ಆಗದು. ಈಜುವವರು 100 ಮೀಟರ್ ನೋಡಿ. ಡೈವರ್ಸ್ ವಾಚಿನ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 6425 ಕೂಡ ಶುರುವಾಗುವುದು ಅಲ್ಲಿಂದಲೇ. ಹೋಳಿಯ ದಿನ ದಾವಣಗೆರೆಯ ರಾಂ ಅಂಡ್ ಕೋ ವೃತ್ತದ ಕಡೆ ಹೊರಟಿದ್ದರೆ ಯಾವ ವಾಚೂ ಬೇಡ, ನೀರಿಗಲ್ಲ, ಬಣ್ಣಕ್ಕೆ.

ಕೊಂಡ ಮೇಲೆ ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಿ. ನೀರು ಬೇಕಿಲ್ಲ: ವಾಚನ್ನು ಪುಟ್ಟ ಯಂತ್ರದೊಳಗಿಟ್ಟು ಗಾಳಿಯ ಒತ್ತಡ ಏರಿಸುತ್ತಾರೆ, ಕವಚ ಕೂದಲೆಳೆಯಷ್ಟು ಒಳಗೆ ಬಾಗಿ ಹಾಗೇ ನಿಂತರೆ ಪಾಸು, ಮರಳತೊಡಗಿದರೆ ಗಾಳಿ ಒಳಗೆ ನುಗ್ಗುತ್ತಿದೆ ಎಂದರ್ಥ. ಬ್ಯಾಟರಿಗೆಂದು ಹಿಂಬದಿ ತೆರೆದಾಗಲೂ ಹೊಸ ಗ್ಯಾಸ್ಕೆಟ್ ಕೇಳಿ ಹಾಕಿಸಿ, ಅದಕ್ಕೆ ಆಗುವ ಖರ್ಚು ಅಲ್ಪ. ಹಂಡೆಯ ಬಿಸಿನೀರಿನ ಸ್ನಾನ, ಸೋಪು, ಸೆಂಟು ರಬ್ಬರಿಗೆ ಒಗ್ಗುವುದಿಲ್ಲ. ಕ್ರೋನೋಗ್ರಾಫಿನ, ಅಂದರೆ ಸ್ಟಾಪ್‌ವಾಚ್ ಇರುವ ವಾಚಿನ, ಗುಂಡಿಗಳನ್ನು ನೀರಿನಲ್ಲಿ ಒತ್ತಬೇಡಿ.

ಗಾಜಿನ ಒಳಗೆ ಮಂಜು ಕಂಡಿತೇ? ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಕಾಯಬೇಡಿ; ಒಳಗಿನ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯಲು ತಡವಿಲ್ಲ. ಅಧಿಕೃತ ಸರ್ವಿಸ್ ಕೇಂದ್ರ ಬೆಂಗಳೂರಿನಲ್ಲಿದ್ದು ಅಲ್ಲಿಗೆ ಹೋಗಲು ಆಗದಿದ್ದರೆ, ಊರಿನಲ್ಲೇ ನುರಿತವರಿಂದ ಹಿಂಬದಿ ತೆರೆಸಿ ತೇವ ಆರಿಸಿಕೊಂಡು ಆಮೇಲೆ ಕಳುಹಿಸಿ.